ಕೊಪ್ಪಳ ಸೀಮೆಯಲ್ಲಿ ಸ್ವಯಂಪಾಕದ ಬೇಸಿಗೆ ರಜೆ

ಹಳ್ಳಿಯ ಮನೆಯೊಂದನ್ನು ಕೆಲವು ದಿನಗಳ ಮಟ್ಟಿಗೆ ಬಾಡಿಗೆಗೆ ಪಡೆದು, ಅಲ್ಲಿನ ಸಂತೆಯಲ್ಲಿ ಕಾಯಿಪಲ್ಲೆ ಕೊಂಡು, ತಮ್ಮ ಅಡುಗೆಯನ್ನು ತಾವೇ ಮಾಡಿಕೊಂಡು, ಸುತ್ತಲಿನ ಗುಡಿ, ಬೆಟ್ಟ, ಹೊಳೆ, ಜಾತ್ರೆಗಳನ್ನು ನೋಡಿ ಬರುವ ಕ್ರಮಕ್ಕೆ ಸ್ವಯಂಪಾಕದ ರಜೆ ಎಂದು ಕರೆಯಬಹುದು. ಇದು ಹೋಟೆಲ್ ವಾಸ್ತವ್ಯದಂತಲ್ಲ. ಊಟ-ಉಪಚಾರಗಳೆಲ್ಲವೂ ಒಳಗೇ ದೊರೆಯುವ ರೆಸಾರ್ಟಿನಂತೆಯೂ ಅಲ್ಲ. ಇಲ್ಲಿ ಪ್ರವಾಸಿಗೆ ಊರೇ ಅಂಗಳ.

ಕರ್ನಾಟಕದಲ್ಲಿ ಈ ಬಗೆಯ ರಜೆಗೆ ಹೇಳಿಮಾಡಿಸಿದಂತಹ ಸೀಮೆಗಳಲ್ಲಿ ಕೊಪ್ಪಳ ಜಿಲ್ಲೆಯೂ ಒಂದು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ರಚನೆಯಾದಾಗ ಜಿಲ್ಲೆಯಲ್ಲಿದ್ದುದು ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳು. ಕುಕನೂರು, ಕನಕಗಿರಿ, ಕಾರಟಗಿ ತಾಲ್ಲೂಕುಗಳು ನಂತರ ಇವುಗಳಿಂದಲೇ ಒಡೆದು ಬಂದವು. ಶಿಲಾಯುಗದ ಚಿತ್ರಗಳಿಂದ ವಿಜಯನಗರದ ಮಂಟಪಗಳವರೆಗೆ, ಭತ್ತದ ಗದ್ದೆಯಿಂದ ಕರಿನೆಲದ ಜೋಳದ ಹೊಲದವರೆಗೆ ಇಲ್ಲಿ ನೋಡುವುದಕ್ಕೆ ಕೊರತೆಯಿಲ್ಲ. ಆದರೆ ಎಲ್ಲಿ ತಂಗಬೇಕು, ಹೇಗೆ ತಂಗಬೇಕು ಎಂಬ ಪ್ರಶ್ನೆ ಈ ಸೀಮೆಯಲ್ಲಿ ಎರಡು ದಶಕಗಳಿಂದ ನ್ಯಾಯಾಲಯದ ಮೆಟ್ಟಿಲನ್ನೂ ಪೊಲೀಸ್ ಠಾಣೆಯ ಮೆಟ್ಟಿಲನ್ನೂ ಹತ್ತಿದೆ. ಆ ಇತಿಹಾಸವನ್ನು ಅರಿತು ಹೊರಟವರಿಗೆ ರಜೆ ಸುಖಕರವಾಗುತ್ತದೆ. ಊರಿಗೂ ಅದರಿಂದ ಹಿತವಾಗುತ್ತದೆ.

ಹಳೆಯ ರೂಢಿ, ಹೊಸ ಹೆಸರು

ಪ್ರವಾಸಕ್ಕೆ ಹೋದಲ್ಲಿ ತಾವೇ ಅಡುಗೆ ಮಾಡಿಕೊಳ್ಳುವುದು ಈ ಭಾಗದ ಜನರಿಗೆ ಹೊಸದೇನಲ್ಲ. ಜಾತ್ರೆಗೆ ಬಂಡಿ ಕಟ್ಟಿಕೊಂಡು ಹೊರಟ ಕುಟುಂಬ ಜೋಳದ ರೊಟ್ಟಿ, ಶೇಂಗಾ ಚಟ್ನಿಗಳ ಬುತ್ತಿಯ ಜೊತೆಗೆ ಪಾತ್ರೆ-ಪಡಗ, ಹಿಟ್ಟು, ಬೇಳೆಗಳನ್ನೂ ಹೇರಿಕೊಂಡು ಹೋಗುತ್ತಿತ್ತು. ಗುಡಿಯ ಬಯಲಿನಲ್ಲಿ ಮೂರು ಕಲ್ಲು ಹೂಡಿ ಒಲೆ ಹಚ್ಚಿದರೆ ಅದೇ ಮನೆ. ಇಂದು ಬಂಡಿಯ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ. ಹುಲಿಗಿಯಲ್ಲಿ ಹುಣ್ಣಿಮೆಯ ದಿನ ನೋಡಿದರೆ ಒಲೆಗಳು ಇಂದಿಗೂ ಉರಿಯುತ್ತಿರುತ್ತವೆ. ಎಳ್ಳ ಅಮಾವಾಸ್ಯೆಯಂದು ಹೊಲಕ್ಕೆ ಬುತ್ತಿ ಕೊಂಡೊಯ್ದು, ಚರಗ ಚೆಲ್ಲಿ, ಬಂಧು-ಬಳಗದವರೆಲ್ಲ ಕೂಡಿ ಉಣ್ಣುವ ಪದ್ಧತಿಯೂ ಇದೇ ಜಾಯಮಾನದ್ದು.

ಜನವರಿಯಲ್ಲಿ ನಡೆಯುವ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳ ಮನೆಮನೆಯಲ್ಲಿ ರೊಟ್ಟಿ ಬಡಿದು ಟ್ರ್ಯಾಕ್ಟರುಗಳಲ್ಲಿ ಕಳುಹಿಸುತ್ತಾರೆ. ಊಟವೆಂದರೆ ಕೊಳ್ಳುವ ವಸ್ತುವಲ್ಲ, ಕೂಡಿ ಮಾಡುವ ಕೆಲಸ ಎಂಬ ಭಾವನೆ ಇಲ್ಲಿ ಗಟ್ಟಿಯಾಗಿದೆ. ನಗರದಿಂದ ಬಂದು ಹಳ್ಳಿಯ ಒಲೆಯ ಮುಂದೆ ಕೂರುವ ಅತಿಥಿಗೆ ಈ ಹಿನ್ನೆಲೆ ತಿಳಿದಿದ್ದರೆ ಒಳ್ಳೆಯದು.

ಆನೆಗೊಂದಿಯ ಪ್ರಯೋಗ

ಹಳ್ಳಿಯ ಹಳೆಯ ಮನೆಗಳನ್ನೇ ಅತಿಥಿಗಳಿಗೆ ಅಣಿಗೊಳಿಸುವ ವ್ಯವಸ್ಥಿತ ಪ್ರಯತ್ನ ಜಿಲ್ಲೆಯಲ್ಲಿ ನಡೆದದ್ದು ಗಂಗಾವತಿ ತಾಲ್ಲೂಕಿನ ಆನೆಗೊಂದಿಯಲ್ಲಿ. ತುಂಗಭದ್ರೆಯ ಉತ್ತರ ದಂಡೆಯ ಈ ಊರು ವಿಜಯನಗರಕ್ಕಿಂತ ಹಳೆಯದು. ಹಂಪಿಯ ರಾಜಧಾನಿ ಬೆಳೆದದ್ದು ಇದರ ಎದುರು ದಂಡೆಯಲ್ಲಿ. ಹಂಪಿಯಲ್ಲಿ ಸ್ಮಾರಕಗಳು ಉಳಿದವು. ಆನೆಗೊಂದಿಯಲ್ಲಿ ಸ್ಮಾರಕಗಳ ನಡುವೆ ಜನವಸತಿಯೂ ಉಳಿಯಿತು. ಕೋಟೆ ಬಾಗಿಲು, ಗಗನ ಮಹಲು, ರಂಗನಾಥನ ಗುಡಿಗಳ ಪಕ್ಕದಲ್ಲೇ ದನದ ಕೊಟ್ಟಿಗೆಯೂ ಹಿಟ್ಟಿನ ಗಿರಣಿಯೂ ಇವೆ.

1997ರಲ್ಲಿ ಶಮಾ ಪವಾರ್ ಇಲ್ಲಿ ಕಿಷ್ಕಿಂದಾ ಟ್ರಸ್ಟ್ ಸ್ಥಾಪಿಸಿದರು. ಬಾಳೆಯ ದಿಂಡಿನಿಂದ ನಾರು ತೆಗೆದು ಚೀಲ, ಚಾಪೆ, ಬುಟ್ಟಿ ಹೆಣೆಯುವ ಕೆಲಸದಲ್ಲಿ ಊರಿನ ಮಹಿಳೆಯರಿಗೆ ತರಬೇತಿ ದೊರೆಯಿತು. ಪಾಳುಬಿದ್ದ ಹಳೆಯ ಮನೆಗಳನ್ನು ಸ್ಥಳೀಯ ಸಾಮಗ್ರಿಗಳಿಂದಲೇ ದುರಸ್ತಿ ಮಾಡಿ ಅತಿಥಿಗೃಹಗಳಾಗಿಸಲಾಯಿತು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದೊಂದಿಗೆ 2003ರ ನಂತರದ ವರ್ಷಗಳಲ್ಲಿ ದೇಶದ 36 ಸ್ಥಳಗಳಲ್ಲಿ ಕೈಗೊಂಡ ಗ್ರಾಮೀಣ ಪ್ರವಾಸೋದ್ಯಮ ಯೋಜನೆಯಲ್ಲಿ ಆನೆಗೊಂದಿಯೂ ಸೇರಿತ್ತು.

ಈ ಪ್ರಯೋಗದ ತಿರುಳು ಸರಳವಾದುದು. ಹೊಸ ಕಟ್ಟಡ ಎಬ್ಬಿಸದೆ ಇದ್ದ ಮನೆಯನ್ನು ಉಳಿಸಿಕೊಳ್ಳುವುದು, ಅತಿಥಿಯನ್ನು ಊರಿನ ಹೊರಗಲ್ಲ, ಒಳಗೆ ಇರಿಸುವುದು.

ಗಡ್ಡೆಯ ಪಾಠ

ಇದಕ್ಕೆ ತದ್ವಿರುದ್ಧವಾದ ಕಥೆ ಆನೆಗೊಂದಿಯ ನೆರೆಯಲ್ಲೇ ಇರುವ ವಿರೂಪಾಪುರ ಗಡ್ಡೆಯದು. ಹಂಪಿಯ ಎದುರಿನ ಈ ನಡುಗಡ್ಡೆಯ ಹೊಲಗದ್ದೆಗಳಲ್ಲಿ 1990ರ ದಶಕದಿಂದೀಚೆಗೆ ರೆಸಾರ್ಟ್‌ಗಳೂ ಹೋಟೆಲ್‌ಗಳೂ ಸಾಲುಗಟ್ಟಿ ತಲೆಯೆತ್ತಿದವು. ಹಂಪಿಯ ಸ್ಮಾರಕ ಸಮೂಹ 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತ್ತು. ಆನೆಗೊಂದಿ ಮತ್ತು ವಿರೂಪಾಪುರ ಗಡ್ಡೆಯ ಬಳಿ ಕೈಗೊಂಡ ತೂಗುಸೇತುವೆಗಳ ಕಾಮಗಾರಿಯಿಂದಾಗಿ 1999ರಲ್ಲಿ ಅದು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಇಳಿದು, 2006ರಲ್ಲಷ್ಟೇ ಹೊರಬಂತು. ಈ ನಡುವೆ 2002ರಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ಕಾಯಿದೆಯ ಮೂಲಕ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವನ್ನು ರಚಿಸಿತು. ನದಿಯ ಎರಡೂ ದಂಡೆಗಳ 29 ಗ್ರಾಮಗಳು ಅದರ ವ್ಯಾಪ್ತಿಗೆ ಬರುತ್ತವೆ.

ಗಡ್ಡೆಯ ಕಟ್ಟಡಗಳು ಅನಧಿಕೃತವೆಂಬ ಪ್ರಾಧಿಕಾರದ ನಿಲುವನ್ನು ರಾಜ್ಯ ಹೈಕೋರ್ಟ್ 2015ರಲ್ಲಿಯೂ, ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿಯೂ ಎತ್ತಿಹಿಡಿದವು. ಅದರ ಮರುತಿಂಗಳೇ ಕಟ್ಟಡಗಳನ್ನು ನೆಲಸಮ ಮಾಡಲಾಯಿತು. ಅಲ್ಲಿ ದುಡಿಯುತ್ತಿದ್ದ ಸ್ಥಳೀಯರು ಒಮ್ಮೆಲೇ ಕೆಲಸ ಕಳೆದುಕೊಂಡರು. ನಿಯಮ ಮೀರಿ ನಿಂತ ಉದ್ಯಮ ಕುಸಿದಾಗ ಅದರ ಭಾರ ಕೂಲಿಯವರ ಹೆಗಲಿಗೇ ಬೀಳುತ್ತದೆ ಎಂಬುದು ಗಡ್ಡೆ ಕಲಿಸಿದ ಪಾಠ.

ಪ್ರವಾಸಿಗರ ಸಂಚಾರ ಬಳಿಕ ಸಾಣಾಪುರ, ಹನುಮನಹಳ್ಳಿ, ಆನೆಗೊಂದಿಗಳ ಕಡೆಗೆ ಇನ್ನಷ್ಟು ಹೊರಳಿತು. 2025ರ ಮಾರ್ಚ್ 6ರ ರಾತ್ರಿ ಸಾಣಾಪುರ ಸಮೀಪದ ಕಾಲುವೆ ದಂಡೆಯಲ್ಲಿ ನಕ್ಷತ್ರ ನೋಡುತ್ತ ಕುಳಿತಿದ್ದ ಪ್ರವಾಸಿಗರ ಮೇಲೂ ಅವರನ್ನು ಕರೆತಂದಿದ್ದ ಹೋಂಸ್ಟೇ ಒಡತಿಯ ಮೇಲೂ ದಾಳಿ ನಡೆಯಿತು. ಇಬ್ಬರು ಮಹಿಳೆಯರ ಮೇಲೆ ಅತ್ಯಾಚಾರವೆಸಗಲಾಯಿತು. ಕಾಲುವೆಗೆ ತಳ್ಳಲ್ಪಟ್ಟವರಲ್ಲಿ ಒಡಿಶಾದ ಪ್ರವಾಸಿಯೊಬ್ಬರು ಮೃತಪಟ್ಟರು. ಅದಕ್ಕೆ ಕೆಲವೇ ದಿನಗಳ ಮೊದಲು, ಫೆಬ್ರುವರಿಯಲ್ಲಿ, ಬಂಡೆಯ ಮೇಲಿನಿಂದ ತುಂಗಭದ್ರೆಗೆ ಹಾರಿದ ಹೈದರಾಬಾದಿನ ವೈದ್ಯೆಯೊಬ್ಬರು ಸೆಳವಿಗೆ ಸಿಕ್ಕಿ ಸಾವನ್ನಪ್ಪಿದ್ದರು. ಹೋಂಸ್ಟೇಗಳ ಪರವಾನಗಿ, ರಾತ್ರಿ ಗಸ್ತು, ನೀರಿನ ಅಂಚಿನ ಸುರಕ್ಷತೆ ಇವೆಲ್ಲವೂ ಮತ್ತೆ ಚರ್ಚೆಗೆ ಬಂದವು.

ಎರಡು ದಶಕಗಳ ಈ ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಈ ನೆಲಕ್ಕೆ ಒಗ್ಗುವುದು ಊರಿನ ನಡುವಿನ, ನೋಂದಣಿಯಾದ, ಮನೆಯವರು ಅಲ್ಲಿಯೇ ವಾಸವಿರುವ ಮನೆ. ಕಾಯಿದೆಗೂ ಅದೇ ಸರಿ, ಅತಿಥಿಯ ಕ್ಷೇಮಕ್ಕೂ ಅದೇ ಸರಿ.

ಮನೆ ಆರಿಸುವಾಗ

ಮುಂಗಡ ಹಣ ಕಳುಹಿಸುವ ಮೊದಲು ಕೆಲವು ಸಂಗತಿಗಳನ್ನು ಕೇಳಿ ತಿಳಿದುಕೊಳ್ಳುವುದು ಅವಶ್ಯ.

ಮೊದಲನೆಯದು ನೋಂದಣಿ. ಹೋಂಸ್ಟೇಗಳು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿಕೊಂಡಿರಬೇಕು. ಪ್ರಾಧಿಕಾರದ ವ್ಯಾಪ್ತಿಯ ಗ್ರಾಮವಾದರೆ ಕಟ್ಟಡಕ್ಕೆ ಅದರ ಅನುಮತಿಯೂ ಬೇಕು. ನೋಂದಣಿ ಪತ್ರದ ಪ್ರತಿ ಕೇಳಲು ಸಂಕೋಚ ಪಡಬೇಕಿಲ್ಲ.

ಎರಡನೆಯದು ಮನೆಯವರ ವಾಸ. ಕೇಂದ್ರದ ಹೋಂಸ್ಟೇ ಯೋಜನೆಯಲ್ಲಿ ಗರಿಷ್ಠ 6 ಕೋಣೆ, 12 ಹಾಸಿಗೆಗಳ ಮಿತಿಯಿದೆ. ಮಾಲೀಕರ ಕುಟುಂಬ ಅದೇ ಮನೆಯಲ್ಲಿ ವಾಸವಿರಬೇಕು. ಮಾಲೀಕರು ದೂರದ ನಗರದಲ್ಲಿದ್ದು, ಕಾವಲಿಗೆ ಒಬ್ಬರನ್ನಷ್ಟೇ ಬಿಟ್ಟಿರುವ ಹೊಲದ ನಡುವಿನ ಗುಡಿಸಲು ಎಷ್ಟೇ ಸುಂದರವಾಗಿದ್ದರೂ ಹೋಂಸ್ಟೇ ಎನಿಸುವುದಿಲ್ಲ.

ಮೂರನೆಯದು ಗುರುತಿನ ದಾಖಲೆ. ಎಲ್ಲ ಅತಿಥಿಗಳ ಗುರುತಿನ ಚೀಟಿಯ ವಿವರ ಬರೆದುಕೊಳ್ಳಬೇಕು. ವಿದೇಶಿ ಅತಿಥಿ ಬಂದರೆ 24 ಗಂಟೆಗಳೊಳಗೆ ಅಧಿಕಾರಿಗಳಿಗೆ ಮಾಹಿತಿ ಸಲ್ಲಿಸಬೇಕು. ಇದನ್ನು ಕೇಳದೆಯೇ ಬೀಗದ ಕೈ ಕೊಡುವ ಮನೆಯಿಂದ ದೂರವಿರುವುದು ಲೇಸು.

ನಾಲ್ಕನೆಯದು ನೀರು ಮತ್ತು ವಿದ್ಯುತ್ತು. ಬೇಸಿಗೆಯಲ್ಲಿ ಕೊಳವೆಬಾವಿಯ ನೀರು ತಗ್ಗುತ್ತದೆ. ಕುಡಿಯುವ ನೀರು ಶುದ್ಧೀಕರಣ ಘಟಕದ್ದೇ, ವಿದ್ಯುತ್ ಕಡಿತವಾದರೆ ಪರ್ಯಾಯವೇನು ಎಂಬುದನ್ನು ಮೊದಲೇ ಕೇಳಬೇಕು.

ಅಡುಗೆಮನೆ ಮತ್ತು ಸಂತೆ

ಅಡುಗೆಗೆ ಅವಕಾಶವಿದೆ ಎಂದರೆ ಏನೇನು ದೊರೆಯುತ್ತದೆ ಎಂಬುದು ಮನೆಯಿಂದ ಮನೆಗೆ ಬೇರೆ. ಸಿಲಿಂಡರ್, ಒಲೆ, ಕುಕ್ಕರ್, ಹಂಚು, ಮಿಕ್ಸರ್, ನೀರಿನ ಕೊಡ ಇವೆಯೇ ಎಂದು ಪಟ್ಟಿ ಮಾಡಿ ಕೇಳಬೇಕು. ಕೆಲವೆಡೆ ಮನೆಯವರದೇ ಅಡುಗೆಮನೆಯನ್ನು ಹಂಚಿಕೊಳ್ಳಬೇಕಾಗಬಹುದು. ಅಂತಹ ಕಡೆ ಮಾಂಸಾಹಾರ ಮಾಡಬಹುದೇ ಎಂದು ಕೇಳಿಯೇ ಮುಂದುವರಿಯುವುದು ಮರ್ಯಾದೆ. ಮದ್ಯದ ವಿಷಯದಲ್ಲಿಯೂ ಇದೇ ಎಚ್ಚರ ಬೇಕು; ಆನೆಗೊಂದಿ, ಅಂಜನಾದ್ರಿಗಳ ಸುತ್ತ ಯಾತ್ರಿಕರ ಸಂಚಾರ ನಿರಂತರ.

ಸಾಮಾನು ನಗರದಿಂದ ಹೊತ್ತು ತರಬೇಕಾಗಿಲ್ಲ. ಗಂಗಾವತಿ ಸೀಮೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ನಾಡು. ಸೋನಾ ಮಸೂರಿ ಅಕ್ಕಿಗೆ ಹೆಸರಾದದ್ದು. ಯಲಬುರ್ಗಾ, ಕುಷ್ಟಗಿಗಳ ಕಡೆ ಜೋಳ, ಸಜ್ಜೆ, ಕಡಲೆ, ಶೇಂಗಾ. ವಾರದ ಸಂತೆಯಲ್ಲಿ ಪುಂಡಿಪಲ್ಲೆ, ಬದನೆ, ಹಸಿಮೆಣಸಿನಕಾಯಿ ತಾಜಾ ಸಿಗುತ್ತವೆ. ರೊಟ್ಟಿ ಬಡಿಯುವುದು ಬಾರದವರು ಊರಿನ ಹೆಣ್ಣುಮಕ್ಕಳಿಂದ ಲೆಕ್ಕದ ಮೇಲೆ ಬಿಸಿ ರೊಟ್ಟಿ, ಕಟಕ ರೊಟ್ಟಿ ಕೊಳ್ಳಬಹುದು. ಸಂಜೆಗೆ ಒಗ್ಗರಣಿ-ಮಿರ್ಚಿ ಯಾವ ಊರಿನ ಬಸ್ ನಿಲ್ದಾಣದಲ್ಲಿಯೂ ಉಂಟು. ಹೀಗೆ ಅತಿಥಿಯ ದುಡ್ಡು ಒಂದೇ ಗಲ್ಲಾಪೆಟ್ಟಿಗೆಗೆ ಬೀಳದೆ ಹತ್ತು ಮನೆಗೆ ಹಂಚಿಹೋಗುತ್ತದೆ. ಸ್ವಯಂಪಾಕದ ರಜೆಯ ನಿಜವಾದ ಲಾಭ ಇದೇ.

ಬಯಲಿನಲ್ಲಿ ಅಡುಗೆ ಮಾಡುವ ಆಸೆಯಿದ್ದವರು ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಒಲೆ ಹೂಡುವಂತಿಲ್ಲ ಎಂಬುದನ್ನು ನೆನಪಿಡಬೇಕು. ಒಣಗಿದ ಗುಡ್ಡಗಳಲ್ಲಿ ಬೇಸಿಗೆಯ ಒಂದು ಕಿಡಿಯೂ ಅಪಾಯಕಾರಿ.

ನಾಲ್ಕು ತಾಲ್ಲೂಕುಗಳ ನೋಟ

ಗಂಗಾವತಿ: ಆನೆಗೊಂದಿಯ ಜೊತೆಗೆ ನದಿಯ ನಡುಗಡ್ಡೆಯಲ್ಲಿ ಮಾಧ್ವ ಯತಿಗಳ ನವವೃಂದಾವನ, ಪಂಪಾ ಸರೋವರ, ಹನುಮನ ಜನ್ಮಸ್ಥಳವೆಂದು ಭಕ್ತರು ನಂಬುವ 575 ಮೆಟ್ಟಿಲುಗಳ ಅಂಜನಾದ್ರಿ ಬೆಟ್ಟ ಇಲ್ಲಿವೆ. ಆನೆಗೊಂದಿ ಸಮೀಪದ ಒನಕೆ ಕಿಂಡಿಯಲ್ಲಿ ಪ್ರಾಗೈತಿಹಾಸಿಕ ಬಂಡೆ ಚಿತ್ರಗಳಿವೆ. ಹಿರೇಬೆಣಕಲ್ ಬೆಟ್ಟದ ಮೇಲಿನ ಬೃಹತ್ ಶಿಲಾ ಸಮಾಧಿಗಳನ್ನು ಜನ ಮೋರೇರ ಮನೆಗಳು ಎನ್ನುತ್ತಾರೆ. 2000 ವರ್ಷಕ್ಕೂ ಹಿಂದಿನ, ನೂರಾರು ಸಂಖ್ಯೆಯ ಈ ಕಲ್ಮನೆಗಳು 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿವೆ. ಬಡಿದರೆ ನಗಾರಿಯಂತೆ ಸದ್ದು ಹೊರಡಿಸುವ ಅರ್ಧಗೋಳದ ಬಂಡೆಯೊಂದು ಅಲ್ಲಿದೆ. ದಾರಿ ಬಂಡೆಗಳ ನಡುವಿನ ಏರು. ಸ್ಥಳೀಯರೊಬ್ಬರನ್ನು ಜೊತೆಗೆ ಕರೆದೊಯ್ಯಬೇಕು. ‘ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು’ ಎಂಬ ಗಾದೆಯ ಕನಕಗಿರಿಯೂ ಹಿಂದೆ ಇದೇ ತಾಲ್ಲೂಕಿನಲ್ಲಿತ್ತು. ಅಲ್ಲಿನ ಕನಕಾಚಲಪತಿ ಗುಡಿಯನ್ನು ನಿಧಾನವಾಗಿ ನೋಡಬೇಕು.

ಕೊಪ್ಪಳ: ಪ್ರಾಚೀನ ಕೊಪಣ ಜೈನರ ಮಹಾತೀರ್ಥವಾಗಿತ್ತು. ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಕಿರು ಶಿಲಾಶಾಸನಗಳಿವೆ. ಬೆಟ್ಟದ ಮೇಲಿನ ಕೋಟೆಯನ್ನು ಟಿಪ್ಪು ಸುಲ್ತಾನ್ ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಬಲಪಡಿಸಿದ್ದ. 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಮುಂಡರಗಿ ಭೀಮರಾಯ ವೀರಮರಣವನ್ನಪ್ಪಿದ್ದು ಇಲ್ಲಿಯೇ. ಕಿನ್ನಾಳದ ಚಿತ್ರಗಾರರು ಹಗುರ ಮರದಲ್ಲಿ ಆಟಿಕೆ, ದೇವತಾ ಮೂರ್ತಿಗಳನ್ನು ಕೆತ್ತಿ ಬಣ್ಣ ತುಂಬುತ್ತಾರೆ. ಈ ಕಲೆಗೆ ಭೌಗೋಳಿಕ ಸೂಚ್ಯಂಕ ಮಾನ್ಯತೆಯಿದೆ. ತೊಗಲುಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಗೌರವಕ್ಕೆ ಆಯ್ಕೆಯಾದ ಭೀಮವ್ವ ಶಿಳ್ಳೇಕ್ಯಾತರ ಈ ತಾಲ್ಲೂಕಿನ ಮೋರನಾಳದವರು. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟೆಯ ಎಡದಂಡೆಯಲ್ಲಿ ಮುನಿರಾಬಾದ್ ಇದೆ.

ಯಲಬುರ್ಗಾ: ಎರಂಬರಗೆ ಎಂಬ ಹೆಸರಿನಿಂದ ಸಿಂದ ಅರಸರ ರಾಜಧಾನಿಯಾಗಿದ್ದ ಊರು. ಈಗ ಕುಕನೂರು ತಾಲ್ಲೂಕಿಗೆ ಸೇರಿರುವ ಇಟಗಿಯ ಮಹಾದೇವ ದೇವಾಲಯ ಈ ಭಾಗದ ಕಿರೀಟ. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಇದನ್ನು ಶಾಸನ ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಕುಕನೂರಿನಲ್ಲಿ ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿಗಳಿವೆ.

ಕುಷ್ಟಗಿ: ಪ್ರವಾಸಿ ನಕ್ಷೆಯಲ್ಲಿ ಹೆಚ್ಚು ಕಾಣಿಸಿಕೊಳ್ಳದ ಬಯಲು ತಾಲ್ಲೂಕು. ಪುರ ಗ್ರಾಮದ ಸೋಮೇಶ್ವರ ಗುಡಿಯ ಕೋಟಿಲಿಂಗಗಳು, ಇಳಕಲ್ ಸೀರೆ ನೇಯುವ ದೋಟಿಹಾಳದ ಮಗ್ಗಗಳು, ದಾಳಿಂಬೆ ತೋಟಗಳು, ಜನರ ಶ್ರಮದಿಂದ ಹೂಳೆತ್ತಿದ ನಿಡಶೇಸಿ ಕೆರೆ ಇಲ್ಲಿನ ಆಕರ್ಷಣೆಗಳು. ಕಬ್ಬರಗಿಯ ಕಪಿಲತೀರ್ಥ ಜಲಪಾತ ಮಳೆಗಾಲದ್ದು; ಬೇಸಿಗೆಯಲ್ಲಿ ಅಲ್ಲಿ ಬರಿ ಬಂಡೆಯಷ್ಟೇ.

ವಸತಿ ಸೌಕರ್ಯ ಹೆಚ್ಚಿರುವುದು ಆನೆಗೊಂದಿಯ ಆಸುಪಾಸಿನಲ್ಲಿ. ಅಲ್ಲಿ ಮೂರು ದಿನ ತಂಗಿ ನದಿ-ಬೆಟ್ಟಗಳನ್ನು ನೋಡಿ, ಬಳಿಕ ಕೊಪ್ಪಳಕ್ಕೆ ಬಂದು ಕಿನ್ನಾಳ, ಇಟಗಿ, ಕುಕನೂರು, ಕುಷ್ಟಗಿಗಳನ್ನು ಎರಡು ದಿನಗಳಲ್ಲಿ ಮುಗಿಸುವುದು ಅನುಕೂಲಕರ.

ಬೇಸಿಗೆಯ ದಿನಚರಿ

ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಸಾಮಾನ್ಯ. ಬಂಡೆಗಲ್ಲಿನ ಗುಡ್ಡಗಳು ಹಗಲೆಲ್ಲ ಕಾದು ರಾತ್ರಿಯೂ ಝಳ ಬಿಡುತ್ತವೆ. ಆದ್ದರಿಂದ ಊರಿನವರ ದಿನಚರಿಯನ್ನೇ ಅನುಸರಿಸುವುದು ಜಾಣತನ. ನಸುಕಿನಲ್ಲಿ ಎದ್ದು 9 ಗಂಟೆಯೊಳಗೆ ಬೆಟ್ಟ ಇಳಿದುಬಿಡಬೇಕು. ನಡುಹಗಲು ಅಡುಗೆ, ಊಟ, ವಿಶ್ರಾಂತಿಗೆ ಮೀಸಲು. ಮಾಳಿಗೆ ಮನೆಯ ತಂಪಿನ ಬೆಲೆ ತಿಳಿಯುವುದು ಆಗಲೇ. ಮತ್ತೆ ಹೊರಡುವುದು ಸಂಜೆ 4.30ರ ನಂತರ. ಅಂಬಲಿ, ಮಜ್ಜಿಗೆ, ನಿಂಬೆ ಪಾನಕ ಜೊತೆಗಿರಲಿ.

ನದಿಯಲ್ಲಿ ನೀರು ಕಡಿಮೆ ಕಂಡರೂ ಬಂಡೆಗಳ ನಡುವಿನ ಮಡುಗಳು ಆಳವಾಗಿರುತ್ತವೆ. ಹರಿಗೋಲು ಏರುವಾಗ ಜೀವರಕ್ಷಕ ಜಾಕೆಟ್ ಕೇಳಿ ಹಾಕಿಕೊಳ್ಳಬೇಕು. ಈಜಲು, ಬಂಡೆಯಿಂದ ಹಾರಲು ಹೋಗಬಾರದು. ಗುಡ್ಡಗಳಲ್ಲಿ ಕರಡಿ, ಚಿರತೆಗಳ ಓಡಾಟವಿದೆ. ಕತ್ತಲಾಗುವ ಮುನ್ನ ಊರು ಸೇರುವುದು ಕ್ಷೇಮ. ತುರ್ತು ನೆರವಿಗೆ 112, ಆಂಬುಲೆನ್ಸ್‌ಗೆ 108.

ನಿಸರ್ಗಪ್ರಿಯರು ತಿಳಿದಿರಬೇಕಾದ ಎರಡು ತಾಣಗಳಿವೆ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ನದಿಪಾತ್ರ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ 332 ಎಕರೆಯ ತೋಳಧಾಮವಿದೆ. ಎರಡೂ ಕಡೆ ಸದ್ದುಗದ್ದಲ, ಬಲೆ, ಬೆಂಕಿಗಳಿಗೆ ಅವಕಾಶವಿಲ್ಲ.

ಜಾತ್ರೆ, ಹಬ್ಬ, ಮೇಳ

ಫಾಲ್ಗುಣದಲ್ಲಿ, ಎಂದರೆ ಮಾರ್ಚ್ ಸುಮಾರಿಗೆ, ಕನಕಗಿರಿಯ ಜಾತ್ರೆ. ಚೈತ್ರದ ಹುಣ್ಣಿಮೆಗೆ ಅಂಜನಾದ್ರಿಯಲ್ಲಿ ಹನುಮ ಜಯಂತಿ. ಮುನಿರಾಬಾದ್ ಬಳಿಯ ಹುಲಿಗಿಯಲ್ಲಿ ಹುಲಿಗೆಮ್ಮ ದೇವಿಯ ಜಾತ್ರೆ ಸಾಮಾನ್ಯವಾಗಿ ಮೇ ತಿಂಗಳಲ್ಲಿ ಬರುತ್ತದೆ. ನೆರೆಯ ಆಂಧ್ರ, ತೆಲಂಗಾಣಗಳಿಂದಲೂ ಭಕ್ತರು ನೆರೆಯುತ್ತಾರೆ. ಮಾವಿನ ಕಾಲದಲ್ಲಿ ತೋಟಗಾರಿಕೆ ಇಲಾಖೆ ಕೊಪ್ಪಳದಲ್ಲಿ ಮಾವು ಮೇಳ ನಡೆಸುತ್ತ ಬಂದಿದ್ದು, ಬೆಳೆಗಾರರಿಂದಲೇ ಹಣ್ಣು ಕೊಳ್ಳಬಹುದು. ಮುಂಗಾರಿನ ಹೊಸ್ತಿಲಲ್ಲಿ ಬರುವ ಕಾರಹುಣ್ಣಿಮೆಯಂದು ಎತ್ತುಗಳನ್ನು ಸಿಂಗರಿಸಿ ಓಡಿಸಿ ಕರಿ ಹರಿಯುತ್ತಾರೆ. ಬೇಸಿಗೆಯ ಜಾತ್ರೆಗಳಲ್ಲಿ ಬಯಲಾಟ, ನಾಟಕಗಳು ಬೆಳಗಿನವರೆಗೂ ನಡೆಯುವುದುಂಟು.

ತಿಥಿಗಳು ಪಂಚಾಂಗದಂತೆ ವರ್ಷವರ್ಷ ಬದಲಾಗುತ್ತವೆ. ಮನೆ ಗೊತ್ತುಮಾಡುವ ಮೊದಲು ಮನೆಯವರನ್ನೇ ಕೇಳುವುದು ಉತ್ತಮ. ಜಾತ್ರೆಯ ದಿನಗಳಲ್ಲಿ ಅವರ ಮನೆಗೇ ನೆಂಟರು ಬಂದಿರುತ್ತಾರೆ ಎಂಬುದನ್ನೂ ಗಮನದಲ್ಲಿಡಬೇಕು.

ತಲುಪುವುದು ಹೇಗೆ?

ಕೊಪ್ಪಳ ಹುಬ್ಬಳ್ಳಿ-ಗುಂತಕಲ್ ರೈಲು ಮಾರ್ಗದಲ್ಲಿದೆ. ಗಿಣಿಗೇರಾದಿಂದ ಕವಲೊಡೆದ ಮಾರ್ಗದಲ್ಲಿ 2019ರಿಂದ ಗಂಗಾವತಿಗೂ ರೈಲು ಸಂಪರ್ಕವಿದೆ. ಗದಗ-ವಾಡಿ ಮಾರ್ಗದ ತಳಕಲ್-ಕುಷ್ಟಗಿ ಭಾಗ 2025ರ ಮೇ 15ರಂದು ಉದ್ಘಾಟನೆಗೊಂಡು, ಕುಕನೂರು, ಯಲಬುರ್ಗಾಗಳ ಮೂಲಕ ಕುಷ್ಟಗಿಗೆ ರೈಲು ಬಂದಿದೆ. ಗಂಗಾವತಿಯಿಂದ ಆನೆಗೊಂದಿಗೆ ಸುಮಾರು 12 ಕಿ.ಮೀ., ಕೊಪ್ಪಳದಿಂದ ಗಂಗಾವತಿಗೆ ಸುಮಾರು 45 ಕಿ.ಮೀ., ಕುಷ್ಟಗಿಗೆ ಸುಮಾರು 60 ಕಿ.ಮೀ. ದಾರಿ. ಸಾರಿಗೆ ಸಂಸ್ಥೆಯ ಬಸ್‌ಗಳು ತಾಲ್ಲೂಕು ಕೇಂದ್ರಗಳ ನಡುವೆ ಓಡಾಡುತ್ತವೆ. ಇಟಗಿ, ಹಿರೇಬೆಣಕಲ್‌ಗಳಿಗೆ ಸ್ವಂತ ಅಥವಾ ಬಾಡಿಗೆ ವಾಹನ ಅನುಕೂಲ.

ಮನೆ ತೆರವು ಮಾಡುವಾಗ ಕಸವನ್ನು ಹೊಲದ ಬದುವಿಗೆ ಎಸೆಯದೆ ಗ್ರಾಮ ಪಂಚಾಯಿತಿಯ ವ್ಯವಸ್ಥೆಗೆ ಒಪ್ಪಿಸಬೇಕು. ಪ್ಲಾಸ್ಟಿಕ್ಕನ್ನು ತಮ್ಮೊಂದಿಗೇ ಒಯ್ಯುವುದು ಮೇಲು. ಉಳಿದ ಅಕ್ಕಿ-ಬೇಳೆಯನ್ನು ಮನೆಯವರಿಗೇ ಕೊಟ್ಟು ಬರುವುದು ಈ ಸೀಮೆಯಲ್ಲಿ ಸಹಜವಾದ ನಡೆ.